ಹೆಬ್ಬೆಟ್ಟೂ ಒಪ್ಪಿಗೆಯೂ

ಮೊನ್ನೆ ನಮ್ಮ ಮಿತ್ರರೊಬ್ಬರೊಡನೆ ಪೇಟೆಯ ಬಟ್ಟೆಯಂಗಡಿಗೆ ಹೋಗುವ ಪ್ರಸಂಗ ಒದಗಿತು. ಮಿತ್ರರು ಮೂವತ್ತು ವರ್ಷಕಾಲ ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಲೆಕ್ಕಪತ್ರಗಳ ವಿಷಯದಲ್ಲಿ ಬಹು ಕಟ್ಟುನಿಟ್ಟಿನವರು. ಎರಡು ಪಂಚೆಗಳನ್ನು ಆರಿಸಿ, ನಗದು ಹಣವನ್ನು ಎಣಿಸಿ ಮುಂದಿಟ್ಟರು. ಗುಮಾಸ್ತನು ಹಣವನ್ನು ಮುಟ್ಟುವುದಕ್ಕೆ ಮೊದಲೇ "ಮೊಬೈಲ್ ನಂಬರ್ ಹೇಳಿ ಸಾರ್" ಎಂದನು. ಮಿತ್ರರು ಹತ್ತು ಅಂಕಿಗಳನ್ನೂ ಬಾಯಿಪಾಠದ ಮಗ್ಗಿಯಂತೆ ತಡೆಯಿಲ್ಲದೆ ಒಪ್ಪಿಸಿದರು. ಹೊರಗೆ ಬಂದ ಮೇಲೆ, "ಪಂಚೆಗೂ ಫೋನಿಗೂ ಏನು ಸಂಬಂಧ?" ಎಂದು ನಾವು ಕೇಳಿದೆವು. "ಹೋಗಲಿ ಬಿಡಿ ಸ್ವಾಮಿ, ನನ್ನಲ್ಲಿ ಮುಚ್ಚಿಡಬೇಕಾದದ್ದೇನಿದೆ? ಕಳ್ಳನಿಗಲ್ಲವೆ ಭಯ?" ಎಂದು ಅವರು ನಕ್ಕುಬಿಟ್ಟರು.

ಈ ಮಾತು ನಮ್ಮ ಮಿತ್ರರೊಬ್ಬರದೇ ಅಲ್ಲ. ಕಚೇರಿಯ ಜಗಲಿಯಲ್ಲಿ, ರೈಲಿನಲ್ಲಿ, ಹೋಟೆಲಿನ ಕಾಫಿಯ ಮೇಜಿನ ಬಳಿಯಲ್ಲಿ, ಎಲ್ಲೆಲ್ಲಿ ಈ ಪ್ರಸ್ತಾಪ ಬಂದರೂ ವಿದ್ಯಾವಂತರೆನಿಸಿಕೊಂಡವರ ಬಾಯಿಂದಲೇ ಹೊರಡುವ ಉತ್ತರವಿದು. ಸಭ್ಯನಾದವನು ತನ್ನ ವಿವರಗಳನ್ನು ಯಾರು ಕೇಳಿದರೂ ಕೊಡಬಹುದು, ಕೊಡಲು ಹಿಂಜರಿಯುವವನಲ್ಲಿಯೇ ಏನೋ ಐಬಿದೆ ಎಂಬ ಭಾವನೆ ಬೇರೂರಿಬಿಟ್ಟಿದೆ. ಇದು ತಪ್ಪು ಭಾವನೆಯೆಂದೂ, ತಪ್ಪಿನ ದಂಡವನ್ನು ಸಭ್ಯರೇ ತೆರುತ್ತಿದ್ದಾರೆಂದೂ ನಮ್ಮ ಅಭಿಪ್ರಾಯ. ಮನೆಗೆ ಕದವಿಟ್ಟುಕೊಂಡವನನ್ನು ಕಳವಿನ ಮಾಲು ಬಚ್ಚಿಟ್ಟವನೆಂದು ಯಾರೂ ಶಂಕಿಸುವುದಿಲ್ಲ. ಒಳಕ್ಕೆ ಯಾರು ಬರಬೇಕು, ಯಾವಾಗ ಬರಬೇಕು ಎಂದು ಹೇಳುವ ಅಧಿಕಾರ ಯಜಮಾನನದು. ಕದವು ಆ ಅಧಿಕಾರದ ಗುರುತು.

ಸಭ್ಯರಿಗೆ ಬಂದ ಸಂಕಟ

ಮುಚ್ಚಿಡತಕ್ಕದ್ದೇನೂ ಇಲ್ಲದವರಿಗೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಬೆಂಗಳೂರು ಮಂಗಳೂರುಗಳಲ್ಲಿ, ಮನೆಯನ್ನೋ ನಿವೇಶನವನ್ನೋ ಕ್ರಯಕ್ಕೆ ಪಡೆದು ಪತ್ರವನ್ನು ನೋಂದಣಿ ಮಾಡಿಸಿದ ಗೃಹಸ್ಥರು ಕೆಲವರು, ತಮ್ಮ ಬ್ಯಾಂಕಿನ ಖಾತೆಯಿಂದ ತಮಗೆ ತಿಳಿಯದೆಯೇ ಹಣ ಹೋಗಿರುವುದನ್ನು ಕಂಡು ಗಾಬರಿಯಾದರು. ಅವರು ಯಾರಿಗೂ ಗುಪ್ತಸಂಖ್ಯೆಯನ್ನು ಹೇಳಿರಲಿಲ್ಲ. ಫೋನಿಗೆ ಯಾವ ಸಂಕೇತವೂ ಬಂದಿರಲಿಲ್ಲ. ನೋಂದಣಿಯಾದ ಪತ್ರಗಳ ಪ್ರತಿಗಳನ್ನು ಜಾಲತಾಣದಿಂದ ಪಡೆದು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಎತ್ತಿಕೊಂಡು, ನಕಲಿ ಬೆರಳಚ್ಚುಗಳನ್ನು ತಯಾರಿಸಿದ್ದ ವಂಚಕರ ಕೈವಾಡವು ಪೋಲೀಸರ ತನಿಖೆಯಿಂದ ಹೊರಬಿದ್ದಿತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಬ್ಯಾಂಕಿನ ಶಾಖೆಯಿಲ್ಲದ ಹಳ್ಳಿಗಳಲ್ಲಿ ಮುದುಕರೂ ಕೂಲಿಕಾರರೂ ತಮ್ಮ ಹಣವನ್ನು ಸುಲಭವಾಗಿ ಪಡೆಯಲೆಂದು ಆಧಾರ್ ಮೂಲಕ ಪಾವತಿ ಮಾಡುವ ಏರ್ಪಾಡೊಂದಿದೆ. ಆಧಾರದ 12 ಅಂಕಿಗಳು, ಬ್ಯಾಂಕಿನ ಹೆಸರು, ಬೆರಳಚ್ಚು, ಇಷ್ಟಿದ್ದರೆ ಹಣ ಕೈಸೇರುತ್ತದೆ. ಏರ್ಪಾಡು ಒಳ್ಳೆಯದು, ಬಡವರಿಗೆ ಉಪಕಾರವಾಗಿದೆ. ಆದರೆ ಕ್ರಯಪತ್ರದ ಹಾಳೆಯ ಮೇಲೆ ಬೆರಳಚ್ಚೂ ಆಧಾರದ ಅಂಕಿಯೂ ಒಟ್ಟಿಗೆ ಸಿಕ್ಕಿದರೆ, ಬೀಗವೂ ಬೀಗದ ಕೈಯೂ ಕಳ್ಳನ ಮುಂದೆ ಇಟ್ಟಂತಾಯಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದರೆಂಬಂತೆ, ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವನ್ನು ಆಮೇಲೆ ಕೈಗೊಂಡರು. ಗುಪ್ತಸಂಖ್ಯೆ ಬಯಲಾದರೆ ಬೇರೆಯದನ್ನು ಇಟ್ಟುಕೊಳ್ಳಬಹುದು. ಬಯಲಾದ ಹೆಬ್ಬೆಟ್ಟಿಗೆ ಬದಲು ಬೇರೆ ಹೆಬ್ಬೆಟ್ಟನ್ನು ಯಾವ ಕಚೇರಿಯವರು ತಾನೆ ಮಂಜೂರು ಮಾಡಿಯಾರು?

ಬೆರಳಚ್ಚಿನ ಪೂರ್ವೋತ್ತರ

ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ಆಡಳಿತದ ಪದ್ಧತಿ ರೂಪುಗೊಂಡದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು, ರಸ್ತೆಯ ಜಲ್ಲಿಯನ್ನು ಒದಗಿಸಲೊಪ್ಪಿದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ಆ ಮನುಷ್ಯನು ಮುಂದೆ ಕರಾರನ್ನು ಅಲ್ಲಗಳೆಯದಂತೆ ಅಂಜಿಸುವುದೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲನೇ ಮುಂದೆ ಒಪ್ಪಿಕೊಂಡಿದ್ದಾನೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಾರ್ಯಾಲಯ ಸ್ಥಾಪಿತವಾಯಿತು. ಅದರ ವರ್ಗೀಕರಣದ ಕ್ರಮವನ್ನು ಸಿದ್ಧಪಡಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಬುದ್ಧಿ ಬಹುವಾಗಿ ದುಡಿಯಿತು. ಕೀರ್ತಿಯು ಮೇಲಧಿಕಾರಿಯಾದ ಎಡ್ವರ್ಡ್ ಹೆನ್ರಿಯ ಹೆಸರಿಗೆ ಸಂದಿತು.

ಇದೇ ಬೆರಳಚ್ಚಿನ ವಿಷಯದಲ್ಲಿಯೇ ಸತ್ಯಾಗ್ರಹವೆಂಬ ಮಹಾಸಾಧನವು ಹುಟ್ಟಿತೆಂಬುದನ್ನು ನಾವು ಮರೆಯುವಂತಿಲ್ಲ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ಹೆಸರನ್ನು ದಾಖಲು ಮಾಡಿಸಿ, ಕೇಳಿದಾಗಲೆಲ್ಲ ರಹದಾರಿಯನ್ನು ತೋರಿಸಬೇಕೆಂಬ ಕಟ್ಟಳೆ 1906ರಲ್ಲಿ ಹೊರಡುವುದರಲ್ಲಿತ್ತು. ಆ ವರ್ಷದ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಭಾರತೀಯರು, ಏನೇ ಕಷ್ಟ ಬಂದರೂ ಇದಕ್ಕೆ ತಲೆಬಾಗುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರತಿಜ್ಞೆ ಕೈಕೊಂಡರು. 1908ರ ಜನವರಿಯಲ್ಲಿ ಗಾಂಧೀಜಿಯವರು ಸೆರೆಮನೆಗೆ ಹೋದರು.

ಮುಂದಿನ ಸಂಗತಿಯೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಭಾರತೀಯರು ಸ್ವಇಚ್ಛೆಯಿಂದ ಹೆಸರು ದಾಖಲು ಮಾಡಿಸಿದರೆ ಕಟ್ಟಳೆಯನ್ನು ರದ್ದುಗೊಳಿಸಲಾಗುವುದೆಂಬ ಒಪ್ಪಂದವಾಯಿತೆಂದು ಗಾಂಧೀಜಿಯವರು ತಿಳಿದರು. ತಾವೇ ಮುಂದಾಗಿ ಬೆರಳಚ್ಚು ಕೊಡಲು ಹೊರಟರು. ಫೆಬ್ರವರಿ 10ರಂದು ಹಾಗೆ ಹೋಗುತ್ತಿದ್ದಾಗ, ಅವರು ಮಾತಿಗೆ ತಪ್ಪಿದರೆಂದು ಕ್ರುದ್ಧನಾದ ಮೀರ್ ಆಲಂ ಎಂಬ ಪಠಾಣನು ತನ್ನ ಜೊತೆಯವರೊಡನೆ ಬೀದಿಯಲ್ಲಿಯೇ ಹೊಡೆದು ಕೆಡವಿದನು. ಗಾಯಗೊಂಡು ಮಲಗಿದ್ದಲ್ಲಿಂದಲೇ ಗಾಂಧೀಜಿಯವರು ಬೆರಳಚ್ಚು ಕೊಟ್ಟರು. ಆದರೆ ಕಟ್ಟಳೆ ರದ್ದಾಗಲಿಲ್ಲ. ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಮಿಕ್ಕ ದಾಖಲೆ ಪತ್ರಗಳನ್ನು ಒಂದು ದೊಡ್ಡ ಕೊಪ್ಪರಿಗೆಯಲ್ಲಿ ಹಾಕಿ ಸುಟ್ಟರು.

ಕೈ ಒಂದೇ, ಬೆರಳುಗಳೂ ಅವೇ. ಬಲಾತ್ಕಾರದಿಂದ ಕೇಳಿದಾಗ ಸೆರೆಮನೆಯೇ ಮೇಲೆಂದರು. ಮಾತಿನ ಮೇಲೆ ನಂಬಿಕೆಯಿಟ್ಟಾಗ ಪ್ರಾಣಾಪಾಯವನ್ನು ಲೆಕ್ಕಿಸದೆ ಕೊಟ್ಟರು. ಮಾತು ಮುರಿದಾಗ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಒಪ್ಪಿಗೆಯ ಧರ್ಮವೆಲ್ಲ ಈ ಮೂರು ನಡತೆಗಳಲ್ಲಿ ಅಡಗಿದೆ.

ಕನ್ನಡಿಗರೊಬ್ಬರ ಅರ್ಜಿ

ಸ್ವತಂತ್ರ ಭಾರತದಲ್ಲಿ ಈ ಧರ್ಮಕ್ಕೆ ಕಾನೂನಿನ ಬಲ ದೊರೆತದ್ದು ಕನ್ನಡಿಗರೊಬ್ಬರ ಹೆಸರಿನಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಕೋಟ್ಯಂತರ ಪ್ರಜೆಗಳ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಸಂಗ್ರಹಿಸುವ ಆಧಾರ್ ಯೋಜನೆಯು ಪಾರ್ಲಿಮೆಂಟಿನ ಶಾಸನವಿಲ್ಲದೆ ಬರಿಯ ಸರ್ಕಾರಿ ಆಜ್ಞೆಯ ಮೇಲೆ ನಡೆಯುತ್ತಿದೆಯೆಂಬುದು ಅವರ ಆಕ್ಷೇಪಣೆಯಾಗಿತ್ತು. ವಿಶ್ರಾಂತಿಯ ವಯಸ್ಸಿನಲ್ಲಿ ಆ ವೃದ್ಧರು ಎತ್ತಿದ ಪ್ರಶ್ನೆಗೆ ಸರ್ಕಾರದ ಪರವಾಗಿ ಬಂದ ಉತ್ತರವೇನೆಂದರೆ, ಖಾಸಗಿತನವೆಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿಯೇ ಇಲ್ಲ ಎಂಬುದು! 1954ರ ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಈ ವಾದಕ್ಕೆ ಆಧಾರವಾಗಿ ಮುಂದಿಟ್ಟರು.

2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಆ ವಾದವನ್ನು ಏಕಕಂಠದಿಂದ ತಳ್ಳಿಹಾಕಿತು. ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದದ ಜೀವಿತ ಸ್ವಾತಂತ್ರ್ಯಗಳಲ್ಲಿಯೇ ಅಂತರ್ಗತವಾಗಿದೆಯೆಂದು ಸಾರಿತು. ದಕ್ಷಿಣ ಕನ್ನಡದವರಾದ ಎಸ್. ಅಬ್ದುಲ್ ನಜೀರರೂ ಆ ಪೀಠದಲ್ಲಿದ್ದರು. ಮಾರನೆಯ ವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಶಾಸನವನ್ನು ನಾಲ್ವರು ನ್ಯಾಯಮೂರ್ತಿಗಳು ಬಹುಮಟ್ಟಿಗೆ ಎತ್ತಿಹಿಡಿದರು, ಒಬ್ಬರು ಭಿನ್ನಮತ ತಾಳಿದರು. ಪಡಿತರ ಮೊದಲಾದ ಸರ್ಕಾರದ ಸಹಾಯಗಳಿಗೂ ಆದಾಯತೆರಿಗೆಗೂ ಆಧಾರ್ ಉಳಿಯಿತು. ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯ ಮಾಡಿದ್ದು ಬಿದ್ದುಹೋಯಿತು. ಅರ್ಜಿದಾರರು ಬೇಡಿದುದೆಲ್ಲವೂ ಸಿಕ್ಕಲಿಲ್ಲ. ಆದರೆ 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ಕಾಲವಾದಾಗ, ದೇಶದ ಪ್ರತಿಯೊಬ್ಬ ಪ್ರಜೆಗೂ ಒಂದು ಹಕ್ಕನ್ನು ಬಿಟ್ಟುಹೋಗಿದ್ದರು. ಆ ಹಕ್ಕನ್ನು ಬಟ್ಟೆಯಂಗಡಿಯಲ್ಲಿ ನಾವು ಪಂಚೆಯೊಡನೆ ಕಟ್ಟಿಕೊಟ್ಟು ಬರುತ್ತಿದ್ದೇವೆ.

ಓದಿ ಹೇಳಿ ಕೇಳಿದ್ದುಂಟೆ?

2023ರಲ್ಲಿ ಪಾರ್ಲಿಮೆಂಟು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟುಪಾಡುಗಳು ಆಚರಣೆಗೆ ಬರಲು 18 ತಿಂಗಳ ಅವಕಾಶ ಕೊಡಲಾಯಿತು. ವಿವರಗಳನ್ನು ಸಂಗ್ರಹಿಸುವವರು ಪ್ರಜೆಯಿಂದ ಪಡೆಯುವ ಒಪ್ಪಿಗೆಯು ಸ್ವತಂತ್ರವೂ, ನಿರ್ದಿಷ್ಟವೂ, ತಿಳಿದು ಕೊಟ್ಟದ್ದೂ, ನಿರುಪಾಧಿಕವೂ, ನಿಸ್ಸಂದಿಗ್ಧವೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಕಳವನ್ನು ತಡೆಯಲು ತಕ್ಕ ಕಾಪಿಲ್ಲದೆ ಹೋದರೆ 250 ಕೋಟಿ ರೂಪಾಯಿಗಳವರೆಗೆ ದಂಡ. ಇವುಗಳ ನಡುವೆ ಇನ್ನೊಂದು ಕಟ್ಟಳೆಯಿದೆ. ಅದನ್ನು ಪತ್ರಿಕೆಗಳೂ ಅಷ್ಟಾಗಿ ಎತ್ತಿ ಆಡಿಲ್ಲ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಿ ಓದುವ ಆಯ್ಕೆಯನ್ನು ಪ್ರಜೆಗೆ ಕೊಡಲೇಬೇಕು. ಕನ್ನಡವು ಆ 22ರಲ್ಲಿ ಒಂದು.

ಇದರ ಮಹತ್ವವನ್ನು ನಮ್ಮ ಸಬ್‌ರಿಜಿಸ್ಟ್ರಾರರ ಕಚೇರಿಯ ಬಾಗಿಲಲ್ಲಿ ಒಮ್ಮೆಯಾದರೂ ಕಾದಿದ್ದವರು ಬೇಗ ತಿಳಿಯಬಲ್ಲರು. ಅಕ್ಷರ ಬಾರದ ರೈತನು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ, ಬರೆದವನು ಅದನ್ನು ಓದಿ ಹೇಳಬೇಕು. ಓದಿಸಿ ಕೇಳಿ, ಸರಿಯಾಗಿದೆಯೆಂದು ಒಪ್ಪಿರುವುದಾಗಿ ಪತ್ರದಲ್ಲಿಯೇ ಬರೆಯುತ್ತಾರೆ. ಕೆಳಗೆ ಬರೆದವನ ಬಿಕ್ಕಲಂ, ಪಕ್ಕದಲ್ಲಿ ಸಾಕ್ಷಿಗಳ ರುಜು. ಆ ಜಿಲ್ಲೆಯಲ್ಲಿ ಬಳಕೆಯಿಲ್ಲದ, ತನಗೂ ತಿಳಿಯದ ಭಾಷೆಯಲ್ಲಿ ಬರೆದ ಪತ್ರವು ಬಂದರೆ, ತರ್ಜುಮೆಯಿಲ್ಲದೆ ಅದನ್ನು ನೋಂದಾಯಿಸಕೂಡದೆಂದು 1908ರ ನೋಂದಣಿ ಶಾಸನವೇ ಅಧಿಕಾರಿಯನ್ನು ಕಟ್ಟಿಹಾಕಿದೆ. ಪರಕೀಯರು ಆಳುತ್ತಿದ್ದ ಕಾಲದ ಶಾಸನದಲ್ಲಿಯೂ ಇಷ್ಟು ಮರ್ಯಾದೆಯಿತ್ತು!

ಈಗಲಾದರೋ, ಪದವೀಧರನಾದವನು ಫೋನಿನಲ್ಲಿ ಹೊಸದೊಂದು ಆಪ್ ಹಾಕಿಕೊಳ್ಳುವಾಗ, ಮಾರುದ್ದದ ಇಂಗ್ಲಿಷ್ ಕರಾರನ್ನು ಕಣ್ಣೆತ್ತಿಯೂ ನೋಡದೆ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಹೆಬ್ಬೆಟ್ಟಿನಿಂದಲೇ ಒತ್ತುತ್ತಾನೆ. ಅವನ ವಿಳಾಸ, ಅವನು ಹೋದ ದಾರಿ, ಅವನ ಮಕ್ಕಳ ಚಿತ್ರಗಳು ಯಾರ ಕೈಗೆ ಹೋಗುವುವೆಂಬುದು ಆ ಕರಾರಿನಲ್ಲಿದೆ. ಓದಿ ಹೇಳಿದವರಿಲ್ಲ, ಬಿಕ್ಕಲಂ ಇಲ್ಲ, ಸಾಕ್ಷಿಯಿಲ್ಲ. ಓದು ಬಾರದ ಅಜ್ಜನು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡನೆಂದು ಮರುಗುವ ನಾವು, ಓದು ಬಂದೂ ಅದನ್ನೇ ಮಾಡುತ್ತಿದ್ದೇವೆ. ಅರಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅರಿಯದ ಭಾಷೆಯಲ್ಲಿ ಕೇಳಿದ ಒಪ್ಪಿಗೆಯಂತೂ ಕೇಳಿದಂತೆಯೇ ಅಲ್ಲ.

ಶಾಸನದ ಕುಂದು, ನಮ್ಮ ಕರ್ತವ್ಯ

ಶಾಸನವು ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಸರ್ಕಾರವು ತಾನು ಗೊತ್ತುಮಾಡಿದ ಅಂಗಗಳನ್ನು ಈ ಕಟ್ಟುಪಾಡುಗಳಿಂದ ಹೊರಗಿಡುವ ವಿಶಾಲವಾದ ಅಧಿಕಾರವನ್ನು ತನ್ನಲ್ಲಿಯೇ ಇರಿಸಿಕೊಂಡಿದೆ. ಇದೇ ಶಾಸನದ ಮೂಲಕ ಮಾಹಿತಿ ಹಕ್ಕಿನ ಶಾಸನದ 8ನೆಯ ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಒಂದೇ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಲು ಎಡೆಮಾಡಿದ್ದಾರೆ. ಪ್ರಜೆಯ ಮನೆಗೆ ಕದವಿಡಿಸುವ ಹೆಸರಿನಲ್ಲಿ ಕಚೇರಿಗೂ ಕದವಿಡಿಸುವುದು ನ್ಯಾಯವಲ್ಲ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದೆಂಬ ಉಪಕಲಮು ಇನ್ನೂ ಉಳಿದಿದೆ. ಅಧಿಕಾರಿಗಳು ಅದನ್ನು ಜೀವಂತವಾಗಿಡಬೇಕೆಂದು ಪ್ರಾರ್ಥಿಸುತ್ತೇವೆ.

ಅಧಿಕಾರಿವರ್ಗದವರಿಗೆ ಇನ್ನೊಂದು ಬಿನ್ನಹ. 2022ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯವರು, ಆಧಾರದ ನಕಲು ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿರಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಕೊಡಿರಿ ಎಂದು ಪ್ರಕಟಣೆ ಹೊರಡಿಸಿದರು. ಜನರು ತಪ್ಪಾಗಿ ಅರ್ಥಮಾಡಿಕೊಂಡಾರೆಂದು ದೆಹಲಿಯವರು ಎರಡೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಮ್ಮ ಮಟ್ಟಿಗೆ ಬೆಂಗಳೂರಿನವರ ಮಾತೇ ಹಿತವಾಗಿ ತೋರುತ್ತದೆ. ಕಚೇರಿಯ ಮೂಲೆಯಲ್ಲಿ ದಾರ ಕಟ್ಟಿ ಧೂಳು ತಿನ್ನುತ್ತಿರುವ ಆಧಾರದ ನಕಲುಗಳು ಎಷ್ಟು ಸಂಸಾರಗಳ ಬೀಗದ ಕೈಗಳೆಂಬುದನ್ನು ಪ್ರತಿಯೊಬ್ಬ ಗುಮಾಸ್ತನೂ ನೆನೆಯಬೇಕು.

ವಾಚಕ ಮಹಾಶಯರು ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಿಸಿ, ಬೇಕಾದಾಗ ಮಾತ್ರ ತೆಗೆಯಬಹುದು, ಖರ್ಚಿಲ್ಲ. ನಕಲು ಕೊಡಲೇಬೇಕಾದಲ್ಲಿ ಯಾವ ಕೆಲಸಕ್ಕೆ ಕೊಟ್ಟದ್ದೆಂದು ಅದರ ಮೇಲೆಯೇ ಬರೆದು ತಾರೀಖು ಹಾಕಬಹುದು. ಗಿರಾಕಿಗಳ ಮೊಬೈಲ್ ನಂಬರನ್ನು ಒತ್ತಾಯಿಸಿ ಕೇಳಕೂಡದೆಂದು 2023ರ ಮೇ ತಿಂಗಳಿನಲ್ಲಿಯೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ವರ್ತಕರಿಗೆ ತಿಳಿಸಿದ್ದಾರೆ; ಅಂಗಡಿಯಲ್ಲಿ ಅದನ್ನು ಜ್ಞಾಪಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಬ್ಯಾಂಕಿನವರಾಗಲಿ ಆಸ್ಪತ್ರೆಯವರಾಗಲಿ ಆಪಿನವರಾಗಲಿ ಒಪ್ಪಿಗೆ ಕೇಳಿದಾಗ "ಕನ್ನಡದಲ್ಲಿ ತೋರಿಸಿ, ಓದಿ ಒಪ್ಪುತ್ತೇವೆ" ಎನ್ನುವ ಅಭ್ಯಾಸವಾಗಬೇಕು. ಕೇಳುವವರಿಲ್ಲದಿದ್ದರೆ ಶಾಸನದ ಆ ಸಾಲು ಕಾಗದದಲ್ಲಿಯೇ ಒಣಗುವುದು.

ನಿನ್ನೆ ಸಂಜೆ ಅದೇ ಮಿತ್ರರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಔಷಧದಂಗಡಿಯಲ್ಲಿ ನಂಬರು ಕೇಳಿದರಂತೆ, "ಏತಕ್ಕೆ?" ಎಂದರಂತೆ. ಅಂಗಡಿಯವನು ಒಂದು ಕ್ಷಣ ಸುಮ್ಮನಿದ್ದು, "ಬೇಡದಿದ್ದರೆ ಬಿಡಿ ಸಾರ್" ಎಂದು ಔಷಧ ಕೊಟ್ಟು ಕಳುಹಿಸಿದನಂತೆ. ಮೂವತ್ತು ವರ್ಷ ಕಡತಗಳ ಮೇಲೆ 'ಏತಕ್ಕೆ?' ಎಂದು ಷರಾ ಬರೆದವರಿಗೆ ಸ್ವಂತ ವಿಷಯದಲ್ಲಿ ಹಾಗೆ ಕೇಳಲು ಇಷ್ಟು ಕಾಲ ಹಿಡಿಯಿತು. ಉಳಿದವರು ಅಷ್ಟು ತಡಮಾಡದಿರಲೆಂದು ಆಶಿಸುತ್ತೇವೆ.