ಮುಧೋಳ ಮರಿಯ ಬಿಗಿಪಟ್ಟಿ: ಮೊದಲು ಕೊಂಡಿ ನೋಡಿ

ಹೊಸಪೇಟೆ: ಮುಧೋಳ ನಾಯಿಮರಿಯನ್ನು ಮನೆಗೆ ತರುವವರು ಆಹಾರ, ಲಸಿಕೆಗಳ ಬಗ್ಗೆ ವಿಚಾರಿಸುತ್ತಾರೆಯೇ ಹೊರತು ಅದನ್ನು ಹಿಡಿದು ನಡೆಸುವ ಪಟ್ಟಿಯ ಬಗ್ಗೆ ಯೋಚಿಸುವುದು ಕಡಿಮೆ. 2005ರಲ್ಲಿ ಅಂಚೆಚೀಟಿಯಲ್ಲಿ ಮೂಡಿದ, 2016ರಲ್ಲಿ ಸೇನೆಯ ತರಬೇತಿಗೆ ತೆರಳಿದ ಈ ತಳಿಗೆ ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟುವುದು ಹುಟ್ಟುಗುಣ. ಹಂಪಿಯಲ್ಲಿ ಕೋತಿ ಅಡ್ಡ ಬಂದರೆ, ಕಂಪ್ಲಿಯ ಗದ್ದೆಬದುವಿನಲ್ಲಿ ಕೊಕ್ಕರೆ ಎದ್ದರೆ, ಎಂಟು ತಿಂಗಳ ಮರಿ ಒಡೆಯನನ್ನೇ ಎಳೆದೊಯ್ದೀತು. ಸಂಡೂರು ರಸ್ತೆಯಲ್ಲಾದರೆ ಎದುರಿಗೆ ಅದಿರಿನ ಲಾರಿ.

ಪಟ್ಟಿ ನಡುವೆ ಹರಿಯುವುದು ಅಪರೂಪ. ಕೈಕೊಡುವುದು ಕೊಂಡಿ ಮತ್ತು ಹೊಲಿಗೆ. ಆದ್ದರಿಂದ ಬಣ್ಣಕ್ಕೆ ಮರುಳಾಗದೆ ಉಕ್ಕಿನ ಅಥವಾ ಹಿತ್ತಾಳೆಯ ದಪ್ಪ ಕೊಂಡಿ, ಒತ್ತಾದ ಹೊಲಿಗೆಯಿರುವ, ಒಂದಂಗುಲ ಅಗಲದ, ಐದಾರು ಅಡಿ ಉದ್ದದ ನೈಲಾನ್ ಅಥವಾ ಹತ್ತಿಯ ಪಟ್ಟಿಯನ್ನು ಆರಿಸಬೇಕು. ಮರಿ ಕಚ್ಚಿ ಹರಿಯುತ್ತದೆಂದು ಸರಪಳಿ ತರುವವರಿದ್ದಾರೆ. ಅದು ಭಾರ, ಹಲ್ಲಿಗೂ ಕೈಗೂ ಪೆಟ್ಟು. ನಮ್ಮ ಬೇಸಿಗೆಯಲ್ಲಂತೂ ಕಾದ ಕಬ್ಬಿಣ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ತೆಳುದಾರದ ಪಟ್ಟಿ ದೊಡ್ಡ ಮರಿಗೆ ಸಲ್ಲದು.

ಮುಧೋಳದ ತಲೆ ಕಿರಿದು, ಕೊರಳಿಗಿಂತ ಹೆಚ್ಚು ಅಗಲವಿಲ್ಲ. ಸಾಮಾನ್ಯ ಕೊರಳಪಟ್ಟಿಯಿಂದ ಹಿಂದಕ್ಕೆ ಸರಿದು ನುಸುಳಿಕೊಳ್ಳುತ್ತದೆ. ಎಳೆದಾಗ ಮಿತವಾಗಿ ಬಿಗಿಯುವ, ಮಾರ್ಟಿಂಗೇಲ್ ಎಂಬ ಅಗಲ ಕೊರಳಪಟ್ಟಿ ಇದಕ್ಕೆ ತಕ್ಕುದು. ಒಳಗೆ ಎರಡು ಬೆರಳು ಆಡಬೇಕು. ಬೆಳೆಯುವ ಮರಿಯಾದ್ದರಿಂದ ವಾರಕ್ಕೊಮ್ಮೆ ಅಳೆಯಬೇಕು. ನಡೆಸುವಾಗ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳಬಾರದು, ಒಂದೇ ಜಗ್ಗಿಗೆ ಬೆರಳು ಮುರಿದೀತು.