ಯಂತ್ರಗಳ ಗಣತಿ

ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯು ಖಾನಾಪುರ ತಾಲ್ಲೂಕಿನಲ್ಲಿದೆ. ಜನಗಣತಿಯ ಕಾಲದಲ್ಲಿ ಗಣತಿದಾರನು ಅಲ್ಲಿನ ಕಾಡುದಾರಿಗಳನ್ನು ಸವೆಸಿ, ಮನೆಮನೆಯ ಕದ ತಟ್ಟಿ, ವಿವರಗಳನ್ನು ಬರೆದುಕೊಳ್ಳಬೇಕು. ಗಣಕಯಂತ್ರಗಳಿಗೂ ಇಂಥದೊಂದು ಗಣತಿಯುಂಟು.

‘ಕೆಸ್ವಾನ್’ ಎಂಬ ರಾಜ್ಯಜಾಲವು ರಾಜಧಾನಿಯನ್ನು ಬೆಳಗಾವಿಯಂಥ ಜಿಲ್ಲಾ ಕೇಂದ್ರಗಳಿಗೂ ಖಾನಾಪುರದಂಥ ತಾಲ್ಲೂಕು ಕೇಂದ್ರಗಳಿಗೂ ಜೋಡಿಸುತ್ತದೆ. ಇಷ್ಟು ವಿಸ್ತಾರವಾದ ಜಾಲಗಳಲ್ಲಿ ಯಂತ್ರಗಳನ್ನು ಕಾಲ್ನಡಿಗೆಯಿಂದ ಎಣಿಸುವುದು ಕಷ್ಟ. ಅದಕ್ಕಾಗಿ ಶೋಧಕ ತಂತ್ರಾಂಶಗಳಿವೆ.

ತಂತ್ರಾಂಶವು ಒಂದೊಂದು ವಿಳಾಸಕ್ಕೂ ಕಿರುಸಂದೇಶವನ್ನು ಕಳುಹಿಸುತ್ತದೆ. ಚಿಕ್ಕ ಜಾಲವೊಂದರಲ್ಲಿಯೇ 254 ವಿಳಾಸಗಳಿರಬಹುದು. 1983ರಲ್ಲಿ ರಚಿತವಾದ ‘ಪಿಂಗ್’ ಇಂಥ ಕೂಗಿಗೆ ಪ್ರಸಿದ್ಧ ಉದಾಹರಣೆ. ಓಗೊಟ್ಟ ಯಂತ್ರವನ್ನು, 1988ರಲ್ಲಿ ರೂಪುಗೊಂಡ ‘ಎಸ್‌ಎನ್‌ಎಂಪಿ’ ನಿಯಮಾವಳಿಯಂತೆ, ಅನುಮತಿಯ ಗುಪ್ತಪದದೊಡನೆ ಪ್ರಶ್ನಿಸಲಾಗುತ್ತದೆ: ಹೆಸರೇನು? ಮಾದರಿ ಯಾವುದು? ಚಾಲನೆಗೊಂಡು ಎಷ್ಟು ಹೊತ್ತಾಯಿತು? ಉತ್ತರಗಳು ದಿನಾಂಕದೊಡನೆ ದಾಖಲಾಗುತ್ತವೆ. ನಿನ್ನೆಯ ಪಟ್ಟಿಯೊಡನೆ ಇಂದಿನದನ್ನು ಹೋಲಿಸಿದಾಗ, ಹೊಸದಾಗಿ ನುಸುಳಿದ ಯಂತ್ರವು ಬಯಲಾಗುತ್ತದೆ. ರೈತರ ಪಹಣಿಗಳನ್ನು ಕಾಯುವ ಕಚೇರಿಗೆ ಇದು ಸಣ್ಣ ಮಾತಲ್ಲ.

ಆದರೆ ಆರಿಸಿಟ್ಟ ಯಂತ್ರವು ಓಗೊಡದು. ಉತ್ತರಿಸದಂತೆ ಅಳವಡಿಸಿದ ಯಂತ್ರವೂ ಮೌನವಾಗಿರುತ್ತದೆ. ಉತ್ತರ ಬಾರದ ಕಡೆ ಯಂತ್ರವೇ ಇಲ್ಲವೆಂದು ಬರೆದರೆ ಲೆಕ್ಕ ತಪ್ಪೀತು. ಅಂಥಲ್ಲಿ ಜವಾಬ್ದಾರಿಯುಳ್ಳ ನೌಕರನೊಬ್ಬನು ಕೊಠಡಿಗೆ ಹೋಗಿ, ಕಣ್ಣಾರೆ ಕಂಡು, ಪಟ್ಟಿಯನ್ನು ತಿದ್ದಬೇಕು.