‘ಚೆನ್ನಾಗಿದ್ದೀನಿ’ ಎನ್ನುವ ಮಕ್ಕಳು

ಡಿಸೆಂಬರ್ ರಜೆಯಲ್ಲಿ ನಂಜನಗೂಡು, ತಿ. ನರಸೀಪುರಗಳ ಕೆಲವು ಮನೆಗಳಿಗೆ ಅಮೆರಿಕದಿಂದ ಮೊಮ್ಮಕ್ಕಳು ಬರುತ್ತಾರೆ. ನಂಜುಂಡೇಶ್ವರನ ದರ್ಶನ, ತಿರುಮಕೂಡಲಿನ ಸಂಗಮ, ನೆಂಟರ ಮನೆಯ ಊಟ ಎಲ್ಲ ಮುಗಿದ ಮೇಲೆ ಅಜ್ಜಿಯ ಪ್ರಶ್ನೆ ಎರಡೇ: ‘ಊಟ ಮಾಡಿದ್ಯಾ ಮಗು? ಚೆನ್ನಾಗಿ ಓದ್ತಿದ್ದೀಯಾ?’ ಎರಡಕ್ಕೂ ಮಗು ‘ಹ್ಞೂಂ’ ಎನ್ನುತ್ತದೆ. ಅದರಾಚೆ ಹೇಳಲು ಅದಕ್ಕೆ ಕನ್ನಡ ಸಾಲದು. ಕೇಳಲು ಅಪ್ಪ ಅಮ್ಮನಿಗೆ ಪುರುಸೊತ್ತು ಸಾಲದು.

ಹೀಗೆ ಮಾತು ನುಂಗಿಕೊಂಡು ಬೆಳೆದವರಲ್ಲಿ ಡಾ. ವಿವೇಕ್ ಮೂರ್ತಿಯೂ ಒಬ್ಬರು. ಕುಟುಂಬದ ಮೂಲ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನಲ್ಲಿ. ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. ಅಲ್ಲಿ ವೈದ್ಯರಾದ ತಂದೆ, ಜೊತೆಗೆ ತಾಯಿ, ಕ್ಲಿನಿಕ್ ನಡೆಸುತ್ತಿದ್ದರು. ಮಗ ಎರಡು ಬಾರಿ ಅಮೆರಿಕದ ಸರ್ಜನ್ ಜನರಲ್ ಆದದ್ದು ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ಅವರೇ ಹೇಳಿಕೊಂಡ ಬಾಲ್ಯದ ಕಥೆ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಶಾಲೆಗೆ ಹೋಗುವ ಬೆಳಿಗ್ಗೆ ಆ ಹುಡುಗನಿಗೆ ಹೊಟ್ಟೆಯಲ್ಲಿ ಸಂಕಟ. ಪರೀಕ್ಷೆಯ ಭಯವಲ್ಲ, ಮೇಷ್ಟರ ಭಯವೂ ಅಲ್ಲ. ಮಧ್ಯಾಹ್ನದ ಊಟಕ್ಕೆ ಒಬ್ಬನೇ ಕೂರಬೇಕಲ್ಲ ಎಂಬ ಭಯ. ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಹೇಳಲಿಲ್ಲ. ಹೇಳಿದರೆ ತಾನು ಯಾರಿಗೂ ಬೇಡದವನೆಂದು ಒಪ್ಪಿಕೊಂಡಂತೆ ಎಂಬ ನಾಚಿಕೆ. ಊರವರ ಕಾಯಿಲೆ ಕೇಳುವ ಮನೆಯಲ್ಲೇ ಮಗನ ನೋವು ಬಾಯಿಗೆ ಬರಲಿಲ್ಲ!

ತಪ್ಪು ಯಾರದು? ಅಮೆರಿಕದ 1965ರ ವಲಸೆ ಕಾಯಿದೆ ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋದ ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ನೆಲೆಯೂರುವುದೇ ದೊಡ್ಡ ಕೆಲಸವಾಗಿತ್ತು. ‘ನಿಮಗಾಗಿಯೇ ಇಷ್ಟು ದೂರ ಬಂದೆವು’ ಎಂಬುದು ನಿಜವೇ. ಆದರೆ ಅದನ್ನೇ ಕೇಳಿ ಬೆಳೆದ ಮಗುವಿಗೆ ‘ಬೇಜಾರು’ ಎನ್ನುವುದೂ ಕೃತಘ್ನತೆಯೆನಿಸುತ್ತದೆ. ‘ನಿನಗೇನಪ್ಪ ಕಮ್ಮಿಯಾಗಿದೆ?’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಇದಕ್ಕೆ ಕಡಲು ದಾಟಬೇಕೆಂದೇನಿಲ್ಲ. ಸಾಲ ಮಾಡಿ ಮೈಸೂರಿನ ಹಾಸ್ಟೆಲಿಗೆ ಸೇರಿಸಿದ ನರಸೀಪುರದ ಹುಡುಗನೂ ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಎಂದೇ ಹೇಳುತ್ತಾನೆ.

ಸರ್ಜನ್ ಜನರಲ್ ಆಗಿದ್ದಾಗ ಮೂರ್ತಿ 2023ರಲ್ಲಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. 2024ರ ಆಗಸ್ಟ್‌ನಲ್ಲಿ ಹೊರಬಂದ ಸಲಹಾಪತ್ರ ಹೆತ್ತವರನ್ನು ಕುರಿತದ್ದು: ಅಲ್ಲಿನ ತಂದೆತಾಯಿಯರಲ್ಲಿ ಶೇ. 48ರಷ್ಟು ಮಂದಿಗೆ ಹೆಚ್ಚಿನ ದಿನಗಳಲ್ಲಿ ಒತ್ತಡ ತಡೆಯಲಾರದಷ್ಟು. ವಿದ್ಯಾರ್ಥಿಗಳಿಗೂ ಇದು ತಿಳಿದಿರಲಿ. ಅಪ್ಪನ ಸಿಡುಕೆಲ್ಲ ಅಂಕಪಟ್ಟಿಯ ಮೇಲಿನದಲ್ಲ.

ಹೆತ್ತವರು ‘ಎಷ್ಟು ಅಂಕ ಬಂತು?’ ಎನ್ನುವ ಮೊದಲು ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಿ ನೋಡಬಹುದು. ‘ಯಾರೂ ಇರಲಿಲ್ಲ’ ಎಂಬ ಉತ್ತರ ಬಂದರೆ ಆ ದಿನ ಅಂಕದ ಮಾತು ಬೇಡ.